ಕೂಗರ್ ಎಲ್ಲಿದೆ? ಮೊದಲು ಹೆಣ್ಣು ಎಲ್ಲಿದೆ ನೋಡಿ

ಕೂಗರ್ ಅಂದರೆ ಅಮೆರಿಕ ಖಂಡಗಳ ಒಂದು ದೊಡ್ಡ ಕಾಡುಬೆಕ್ಕು. ಅದು ಇರುವ ಜಾಗಗಳ ನಕ್ಷೆ ಅಂತ ಹುಡುಕಿದರೆ ಎಲ್ಲ ಕಡೆ ಹೆಚ್ಚುಕಮ್ಮಿ ಒಂದೇ ಚಿತ್ರ ಸಿಗುತ್ತದೆ. ಮೇಲೆ ಕೆನಡಾದ ಯೂಕಾನ್, ಕೆಳಗೆ ಚಿಲಿ ಮತ್ತು ಅರ್ಜೆಂಟೀನಾದ ತುತ್ತತುದಿ. ನಡುವೆ ಪಶ್ಚಿಮ ಅಮೆರಿಕ, ಮೆಕ್ಸಿಕೊ, ಅಮೆಜಾನ್, ಆಂಡೀಸ್, ಎಲ್ಲದಕ್ಕೂ ಒಂದೇ ಬಣ್ಣ. ಫ್ಲೋರಿಡಾದ ತುದಿಯಲ್ಲಿ ಮಾತ್ರ ಪ್ರತ್ಯೇಕವಾಗಿ ಒಂದು ಚಿಕ್ಕ ಚುಕ್ಕೆ, ಯಾರೋ ಬ್ರಷ್ ಕೊಡವಿದಾಗ ಬಿದ್ದ ಹನಿಯ ಹಾಗೆ. ಉತ್ತರದಿಂದ ದಕ್ಷಿಣಕ್ಕೆ ಅಳೆದರೆ ಸುಮಾರು 110 ಡಿಗ್ರಿ ಅಕ್ಷಾಂಶ. ಅಮೆರಿಕ ಖಂಡಗಳಲ್ಲಿ ನೆಲದ ಮೇಲೆ ಓಡಾಡುವ ಬೇರೆ ಯಾವ ಕಾಡು ಸಸ್ತನಿಗೂ ಇಷ್ಟು ದೊಡ್ಡ ಹರವಿಲ್ಲ.

ನಕ್ಷೆ ಸುಳ್ಳಲ್ಲ. ಆದರೆ ಅದನ್ನು ನೋಡಿದಾಗಲೆಲ್ಲ ನನಗೊಂದು ಕಿರಿಕಿರಿ. ಗಂಡು ಸುಮ್ನೆ ಹಾದುಹೋದ ಜಾಗ ಯಾವುದು, ಹೆಣ್ಣು ನೆಲೆ ನಿಂತು ಮರಿ ಹಾಕುವ ಜಾಗ ಯಾವುದು ಅನ್ನೋದು ಆ ಬಣ್ಣದಲ್ಲಿ ಗೊತ್ತೇ ಆಗುವುದಿಲ್ಲ. ಈ ಪ್ರಾಣಿಯ ವಿಷಯದಲ್ಲಿ ಇವೆರಡರ ನಡುವಿನ ವ್ಯತ್ಯಾಸವೇ ಅರ್ಧ ಕಥೆ. ನನ್ನನ್ನು ಕೇಳಿದರೆ ಅರ್ಧಕ್ಕಿಂತ ಜಾಸ್ತಿ.

ಮೊದಲು ಪ್ರಾಣಿಯ ಬಗ್ಗೆ ನಾಲ್ಕು ಮಾತು. ಪ್ಯೂಮಾ, ಮೌಂಟನ್ ಲಯನ್, ಫ್ಲೋರಿಡಾದಲ್ಲಿ ಪ್ಯಾಂಥರ್, ಎಲ್ಲವೂ ಇದೇ ಪ್ರಾಣಿ. ಗಂಡು ಸಾಮಾನ್ಯವಾಗಿ 55ರಿಂದ 100 ಕಿಲೋ ತೂಗುತ್ತದೆ, ಹೆಣ್ಣು ಅದಕ್ಕಿಂತ ಸಾಕಷ್ಟು ಚಿಕ್ಕದು. ಸಮಭಾಜಕದ ಹತ್ತಿರ ಇರುವವು ಮೈಕಟ್ಟಿನಲ್ಲಿ ಸಣ್ಣ, ಕೆನಡಾದಲ್ಲೂ ದಕ್ಷಿಣ ಅಮೆರಿಕದ ತುದಿಯ ಪ್ಯಾಟಗೋನಿಯಾದಲ್ಲೂ ಇರುವವು ದೊಡ್ಡ. ಗಾತ್ರ ನೋಡಿ ಹುಲಿ, ಸಿಂಹದ ಸಾಲಿಗೆ ಸೇರಿಸಬೇಡಿ. ಇದಕ್ಕೆ ಗರ್ಜಿಸಲು ಬರುವುದಿಲ್ಲ, ಬೆಕ್ಕಿನ ಹಾಗೆ ಗುರುಗುಟ್ಟುತ್ತದೆ. ಹತ್ತಿರದ ಸಂಬಂಧಿಗಳೆಂದರೆ ಜಾಗ್ವರುಂಡಿ ಅನ್ನೋ ಪುಟ್ಟ ಕಾಡುಬೆಕ್ಕು ಮತ್ತು ಚೀತಾ.

ಕೂಗರ್ ಎಂಥ ಕಾಡಿನಲ್ಲಿ ಇರುತ್ತದೆ ಅಂತ ಕೇಳಿದರೆ ಉತ್ತರ ಕೊಡುವುದು ಕಷ್ಟ, ಯಾಕೆಂದರೆ ಅದಕ್ಕೆ ಕಾಡೇ ಬೇಕು ಅಂತಿಲ್ಲ. ವಾಷಿಂಗ್ಟನ್ ರಾಜ್ಯದ ಒಲಿಂಪಿಕ್ ಪೆನಿನ್ಸುಲಾದಲ್ಲಿ ವರ್ಷವಿಡೀ ಒದ್ದೆಯಾಗಿರುವ, ಮರದ ಕೊಂಬೆಗಳೆಲ್ಲ ಪಾಚಿ ಹೊದ್ದುಕೊಂಡಿರುವ ಮಳೆಕಾಡಿನಲ್ಲಿ ಇದೆ. ಅರಿಜೋನಾದ ಸೊನೋರನ್ ಮರುಭೂಮಿಯ ಪಾಪಾಸುಕಳ್ಳಿಗಳ ಮಧ್ಯೆಯೂ ಇದೆ. ರಾಕಿ ಪರ್ವತಗಳ ಹಿಮದಲ್ಲಿದೆ. ಫ್ಲೋರಿಡಾದಲ್ಲಿ ಮೊಸಳೆಗಳಿರುವ ಜೌಗಿನಲ್ಲಿದೆ. ಬ್ರೆಜಿಲ್‌ನ ಪಾಂಟನಾಲ್ ಜೌಗು, ಅಮೆಜಾನ್, ಆಮೇಲೆ ಆಂಡೀಸ್‌ನಲ್ಲಿ 5,800 ಮೀಟರ್ ಎತ್ತರದವರೆಗೂ ದಾಖಲಾಗಿದೆ. ಆ ಎತ್ತರದಲ್ಲಿ ನಾವು ನಾಲ್ಕು ಹೆಜ್ಜೆ ಇಟ್ಟರೆ ಏದುಸಿರು ಬರುತ್ತದೆ.

ಹಾಗಾದರೆ ಇಷ್ಟೂ ಜಾಗಗಳಲ್ಲಿ ಸಮಾನವಾಗಿರುವುದು ಏನು? ಎರಡು ಸಂಗತಿ. ಜಿಂಕೆಯಂಥ ಒಂದು ಗೊರಸಿನ ಪ್ರಾಣಿ, ಮತ್ತೆ ಅದರ ಹತ್ತಿರಕ್ಕೆ ಕಾಣದ ಹಾಗೆ ಹೋಗಲು ಒಂದು ಮರೆ.

ಮರೆ ಯಾಕೆ ಅಂದರೆ ಕೂಗರ್‌ಗೆ ದೂರ ಓಡುವ ಶಕ್ತಿಯಿಲ್ಲ. ಅದರ ಬಲವೆಲ್ಲ ಹಿಂಗಾಲುಗಳಲ್ಲಿದೆ. ದೇಹಕ್ಕೆ ಹೋಲಿಸಿದರೆ ಬೆಕ್ಕಿನ ಕುಲದಲ್ಲೇ ಅತಿ ಉದ್ದದ ಹಿಂಗಾಲುಗಳು ಇದರವು. ನಿಂತಲ್ಲಿಂದಲೇ ನಾಲ್ಕೈದು ಮೀಟರ್ ಮೇಲಕ್ಕೆ ಹಾರಬಲ್ಲದು. ಪೊದೆ, ಬಂಡೆ, ಬಿದ್ದ ಮರ, ಏನು ಸಿಕ್ಕರೂ ಅದರ ಹಿಂದೆ ಹೊಟ್ಟೆ ನೆಲಕ್ಕೆ ತಾಗುವಂತೆ ತೆವಳಿಕೊಂಡು ಬಂದು, ಇನ್ನು ಕೆಲವೇ ಮೀಟರ್ ಅನ್ನುವಾಗ ಎಗರುತ್ತದೆ. ಕುತ್ತಿಗೆಗೋ ಗಂಟಲಿಗೋ ಬಾಯಿ ಹಾಕುತ್ತದೆ. ಮೊದಲ ಕೆಲವು ನೆಗೆತಗಳಲ್ಲಿ ಸಿಗಲಿಲ್ಲವೋ, ಬಿಟ್ಟುಬಿಡುತ್ತದೆ. ಹಾಗಾಗಿ ನಾಲ್ಕೂ ದಿಕ್ಕು ಕಾಣುವ ಬೋಳು ಬಯಲಿನಲ್ಲಿ ಜಿಂಕೆ ಎಷ್ಟೇ ಇದ್ದರೂ ಕೂಗರ್‌ಗೆ ಅದು ನೋಡಿಕೊಂಡು ಸುಮ್ಮನಿರುವ ಊಟ ಅಷ್ಟೇ.

ಬೇಟೆಯಾದ ಮೇಲೆ ನಡೆಯುವುದೂ ನೋಡುವಂಥದ್ದು. ಸತ್ತ ಜಿಂಕೆಯನ್ನು ಮರದ ಬುಡಕ್ಕೋ ಪೊದೆಯೊಳಕ್ಕೋ ಎಳೆದುಕೊಂಡು ಹೋಗುತ್ತದೆ. ಹಲ್ಲಿನಿಂದ ಕೂದಲು ಕಿತ್ತು, ಪಕ್ಕೆಲುಬಿನ ಹತ್ತಿರ ಬಗೆದು, ಮೊದಲು ಹೃದಯ, ಪಿತ್ತಜನಕಾಂಗ ಇಂಥವನ್ನು ತಿನ್ನುತ್ತದೆ. ಹೊಟ್ಟೆ ತುಂಬಿದ ಮೇಲೆ ಸುತ್ತಲಿನ ತರಗೆಲೆ, ಪೈನ್ ಮರದ ಸೂಜಿ ಎಲೆ, ಮಣ್ಣು, ಹಿಮ, ಕೈಗೆ ಸಿಕ್ಕಿದ್ದನ್ನೆಲ್ಲ ಎಳೆದು ಮುಚ್ಚಿಟ್ಟು ಹೋಗುತ್ತದೆ. ಮತ್ತೆ ರಾತ್ರಿ ಬರುತ್ತದೆ. ಹೀಗೆ ಕೆಲವು ದಿನ. ಆ ಹೆಣದ ಸುತ್ತ ಒಂದು ಸಂತೆಯೇ ನೆರೆಯುತ್ತದೆ. ಅಮೆರಿಕದ ಯೆಲ್ಲೋಸ್ಟೋನ್ ರಾಷ್ಟ್ರೀಯ ಉದ್ಯಾನದ ಸುತ್ತಲಿನ ಪ್ರದೇಶದಲ್ಲಿ ಕೂಗರ್ ಕೊಂದ ಪ್ರಾಣಿಗಳ ಪಕ್ಕ ಬಲೆ ಇಟ್ಟು ನೋಡಿದಾಗ ಜೀರುಂಡೆಗಳೇ 200ಕ್ಕೂ ಹೆಚ್ಚು ಬಗೆಯವು ಸಿಕ್ಕಿದ್ದವು. ನರಿ, ರಣಹದ್ದು, ಕರಡಿ ಲೆಕ್ಕ ಬೇರೆ.

ಮರೆ ಎಷ್ಟು ಮುಖ್ಯ ಅನ್ನೋದಕ್ಕೆ ನನಗೆ ಇಷ್ಟವಾದ ಉದಾಹರಣೆ ಅರ್ಜೆಂಟೀನಾದ ಸ್ಯಾನ್ ಗಿಯೆರ್ಮೊ ರಾಷ್ಟ್ರೀಯ ಉದ್ಯಾನದ್ದು. ಆಂಡೀಸ್‌ನ ಎತ್ತರದ ಒಣಭೂಮಿ ಅದು. ಅಲ್ಲಿನ ಮುಖ್ಯ ಬೇಟೆ ವಿಕುನ್ಯಾ, ಒಂಟೆ ಕುಲಕ್ಕೆ ಸೇರಿದ ತೆಳ್ಳಗಿನ ಪ್ರಾಣಿ. ಅಲ್ಲಿ ಮೂರು ಬಗೆಯ ನೆಲ ಇದೆ: ಕಣ್ಣು ಹಾಯುವಷ್ಟು ದೂರ ಬಯಲು, ಬಂಡೆಗಳ ಕಣಿವೆ, ಮತ್ತೆ ನೀರಿನ ಪಕ್ಕ ಎತ್ತರದ ಹುಲ್ಲಿನ ಹಸಿರು. ಒಳ್ಳೆಯ ಮೇವೆಲ್ಲ ಆ ಹಸಿರಿನಲ್ಲಿದೆ. ಆದರೆ ಹುಲ್ಲಿನೊಳಗೆ, ಕಣಿವೆಯೊಳಗೆ ಕೂಗರ್ ಅಡಗಿ ಕೂತಿರಬಹುದು. ಹಾಗಾಗಿ ವಿಕುನ್ಯಾಗಳು ಹೆಚ್ಚು ಹೊತ್ತು ಬಯಲಿನಲ್ಲೇ ಕಳೆಯುತ್ತವೆ, ಕಣಿವೆ ಹತ್ತಿರ ಬಂದರೆ ತಲೆ ಎತ್ತಿ ಎತ್ತಿ ನೋಡುತ್ತಿರುತ್ತವೆ. ಪರಿಣಾಮ ಏನು ಗೊತ್ತಾ? ಬಯಲಿನ ಗಿಡಗಳು ಮೇಯಿಸಿಕೊಂಡು ಸವೆದಿವೆ, ಅಪಾಯದ ಜಾಗದ ಗಿಡಗಳು ಚೆನ್ನಾಗಿ ಬೆಳೆದಿವೆ. ಕೂಗರ್ ಕಣ್ಣಿಗೆ ಬೀಳದಿದ್ದರೂ ಅದರ ನೆಲೆಯ ಗಡಿ ಹುಲ್ಲಿನ ಎತ್ತರದಲ್ಲೇ ಗೊತ್ತಾಗುತ್ತದೆ.

ಬೇರೆ ಬೇಟೆಗಾರರ ಕಾಟವೂ ಇದೆ. ಅಮೆಜಾನ್, ಪಾಂಟನಾಲ್‌ನಲ್ಲಿ ಜಾಗ್ವಾರ್ ಇರುವಲ್ಲಿ ಕೂಗರ್ ಸ್ವಲ್ಪ ತಗ್ಗಿ ಬಗ್ಗಿ ನಡೆಯುತ್ತದೆ, ಸಣ್ಣ ಬೇಟೆಗಳ ಕಡೆ ವಾಲುತ್ತದೆ. ಉತ್ತರದಲ್ಲಿ ಕರಡಿ, ತೋಳಗಳು ಬಂದು ಅದರ ಬೇಟೆಯನ್ನು ಕಸಿದುಕೊಳ್ಳುತ್ತವೆ. ಯೆಲ್ಲೋಸ್ಟೋನ್‌ಗೆ 1995ರಲ್ಲಿ ತೋಳಗಳನ್ನು ವಾಪಸ್ ತಂದು ಬಿಟ್ಟ ಮೇಲೆ ಅಲ್ಲಿನ ಕೂಗರ್‌ಗಳು ತೆರೆದ ಕಣಿವೆಗಳನ್ನು ಬಿಟ್ಟು ಕಡಿದಾದ, ಮರ ಬಂಡೆ ಇರುವ ಇಳಿಜಾರುಗಳಿಗೆ ಸರಿದವು. ತೋಳ ಗುಂಪಿನ ಪ್ರಾಣಿ, ಕೂಗರ್ ಒಂಟಿ. ಹತ್ತು ತೋಳ ಎದುರು ನಿಂತರೆ ಮರ ಹತ್ತುವುದೇ ಜಾಣತನ, ಅಲ್ವಾ?

ಈಗ ಗಂಡು ಹೆಣ್ಣಿನ ವಿಷಯಕ್ಕೆ ಬರೋಣ.

ಒಂದು ಗಂಡಿನ ಓಡಾಟದ ಜಾಗ 150 ಚದರ ಕಿಲೋಮೀಟರ್‌ನಿಂದ ಹಿಡಿದು ಒಣ ಪ್ರದೇಶಗಳಲ್ಲಿ ಸಾವಿರ ಚದರ ಕಿಲೋಮೀಟರ್ ಆಸುಪಾಸಿನವರೆಗೂ ಇರಬಹುದು. ಹೆಣ್ಣಿನದು ಅದರ ಅರ್ಧ ಅಥವಾ ಇನ್ನೂ ಕಡಿಮೆ. ಒಂದು ಗಂಡಿನ ಜಾಗದೊಳಗೆ ಎರಡು ಮೂರು ಹೆಣ್ಣುಗಳ ಜಾಗ ಸೇರಿಕೊಂಡಿರುತ್ತದೆ. ಗಂಡು ತನ್ನ ಗಡಿಯಲ್ಲಿ, ದಾರಿಗಳು ಸೇರುವಲ್ಲಿ, ಗುಡ್ಡದ ಏಣಿನ ಮೇಲೆ ಗುರುತು ಮಾಡುತ್ತಾ ಹೋಗುತ್ತದೆ. ಎರಡೂ ಹಿಂಗಾಲುಗಳಿಂದ ತರಗೆಲೆಯನ್ನು ಹಿಂದಕ್ಕೆ ಕೆರೆದು ಸಣ್ಣ ಗುಡ್ಡೆ ಮಾಡಿ ಅದರ ಮೇಲೆ ಉಚ್ಚೆ ಹೊಯ್ಯುತ್ತದೆ. ನೋಡುವವರಿಗೆ ಸುಮ್ನೆ ಯಾರೋ ಕಾಲಲ್ಲಿ ಎಲೆ ಸರಿಸಿದ ಹಾಗೆ ಕಾಣುತ್ತದೆ, ಎಷ್ಟೋ ಜನ ಅದರ ಪಕ್ಕದಲ್ಲೇ ನಡೆದುಹೋಗಿರುತ್ತಾರೆ.

ಮರಿಗಳು ಹುಟ್ಟುವಾಗ ಮೈಮೇಲೆ ಚುಕ್ಕೆ ಇರುತ್ತದೆ, ಕಣ್ಣು ನೀಲಿ. ಒಂದು, ಒಂದೂವರೆ ವರ್ಷ, ಕೆಲವು ಸಲ ಎರಡು ವರ್ಷ ತಾಯಿಯ ಜೊತೆ ಇರುತ್ತವೆ. ಆಮೇಲೆ ಗಂಡು ಮರಿ ಹೊರಡಲೇಬೇಕು. ಅಲ್ಲೇ ಇದ್ದರೆ ಆ ಜಾಗದ ದೊಡ್ಡ ಗಂಡು ಅದನ್ನು ಕೊಂದೇಬಿಡುತ್ತದೆ. ಹಾಗಾಗಿ ನೂರಾರು ಕಿಲೋಮೀಟರ್ ನಡೆದುಬಿಡುತ್ತದೆ. ಹೆಣ್ಣು ಮರಿ ಹಾಗಲ್ಲ. ಎಷ್ಟೋ ಸಲ ತಾಯಿಯ ಪಕ್ಕದಲ್ಲೇ, ಅವಳ ಜಾಗಕ್ಕೆ ಅಂಟಿಕೊಂಡೇ ತನ್ನದೊಂದು ನೆಲೆ ಮಾಡಿಕೊಳ್ಳುತ್ತದೆ. ದೂರ ಹೋಗುವ ಹೆಣ್ಣುಗಳೂ ಇವೆ, ಆದರೆ ಕಡಿಮೆ.

ಇದರ ಅರ್ಥ ಬಹಳ ಸರಳ. ಕೂಗರ್ ಇಲ್ಲದ ಊರಿನಲ್ಲಿ ಮೊದಲು ಕಾಣಿಸಿಕೊಳ್ಳುವುದು ಬಹುತೇಕ ಯಾವಾಗಲೂ ಹರೆಯದ ಗಂಡು. ಅದು ಹೆಣ್ಣನ್ನು ಹುಡುಕುತ್ತಾ ಮುಂದೆ ಮುಂದೆ ಹೋಗುತ್ತದೆ, ಸಿಗುವುದಿಲ್ಲ, ಮತ್ತೂ ಮುಂದೆ ಹೋಗುತ್ತದೆ. ಕೊನೆಗೆ ಯಾವುದೋ ಕಾರಿಗೋ ಗುಂಡಿಗೋ ಸಿಕ್ಕಿ ಸಾಯುತ್ತದೆ. ಪೇಪರಿನಲ್ಲಿ ಕೂಗರ್ ವಾಪಸ್ ಬಂತು ಅಂತ ಬರುತ್ತದೆ. ಬಂದಿರುವುದಿಲ್ಲ.

2011ರ ಜೂನ್‌ನಲ್ಲಿ ಆದದ್ದು ಇದೇ. ಅಮೆರಿಕದ ಪೂರ್ವ ತುದಿಯ ಕನೆಕ್ಟಿಕಟ್ ರಾಜ್ಯದ ಮಿಲ್ಫರ್ಡ್ ಊರಿನಲ್ಲಿ, ನ್ಯೂಯಾರ್ಕ್ ನಗರಕ್ಕೆ ಅಷ್ಟೇನೂ ದೂರವಿಲ್ಲದ ಹೆದ್ದಾರಿಯಲ್ಲಿ, ಒಂದು ಎಸ್‌ಯುವಿಗೆ ಸಿಕ್ಕಿ ಗಂಡು ಕೂಗರ್ ಸತ್ತಿತು. ಯಾರೋ ಸಾಕಿದ್ದು ತಪ್ಪಿಸಿಕೊಂಡಿರಬೇಕು ಅಂತ ಎಲ್ಲರೂ ಅಂದುಕೊಂಡರು. ಡಿಎನ್‌ಎ ನೋಡಿದರೆ ಅದು ದಕ್ಷಿಣ ಡಕೋಟಾದ ಬ್ಲ್ಯಾಕ್ ಹಿಲ್ಸ್‌ನದು! ದಾರಿಯಲ್ಲಿ ಮಿನ್ನೆಸೋಟ, ವಿಸ್ಕಾನ್ಸಿನ್‌ನಲ್ಲಿ ಸಿಕ್ಕಿದ್ದ ಮಲ, ಕೂದಲಿನಂಥ ಮಾದರಿಗಳೂ ಇದೇ ಪ್ರಾಣಿಯವು ಅಂತ ತಾಳೆಯಾಯಿತು. ಕಡಿಮೆ ಅಂದರೂ 2,400 ಕಿಲೋಮೀಟರ್ ನಡೆದಿತ್ತು. ನದಿ, ಹೆದ್ದಾರಿ, ಜೋಳದ ಹೊಲ, ಊರು, ಎಲ್ಲ ದಾಟಿ. ತಮಾಷೆ ಏನೆಂದರೆ ಅದೇ ವರ್ಷ ಮಾರ್ಚ್‌ನಲ್ಲಷ್ಟೇ ಅಮೆರಿಕದ ಫಿಶ್ ಅಂಡ್ ವೈಲ್ಡ್‌ಲೈಫ್ ಸರ್ವಿಸ್ ಪೂರ್ವದ ಕೂಗರ್ ನಿರ್ನಾಮವಾಗಿದೆ ಅಂತ ಹೇಳಿತ್ತು. 2018ರಲ್ಲಿ ಅದನ್ನು ಅಳಿವಿನಂಚಿನ ಪಟ್ಟಿಯಿಂದಲೂ ತೆಗೆದರು. ಆ ಗಂಡು ಬಂದುಹೋದದ್ದರಿಂದ ಇಲಾಖೆಯ ಮಾತೇನೂ ಸುಳ್ಳಾಗಲಿಲ್ಲ. ಇಡೀ ದಾರಿಯಲ್ಲಿ ಅದಕ್ಕೆ ಜೊತೆಯಾಗಿ ನೆಲೆ ನಿಲ್ಲಲು ಒಂದು ಹೆಣ್ಣೂ ಇರಲಿಲ್ಲ.

ಒಂದು ಕಾಲಕ್ಕೆ ಇಡೀ ಪೂರ್ವ ಭಾಗದಲ್ಲೂ ಇವು ಇದ್ದವು. ಬಿಳಿಯರು ಬಂದು ನೆಲೆಸಿದ ಮೇಲೆ ಕಾಡು ಕಡಿದರು, ಜಿಂಕೆಗಳನ್ನು ಹೊಡೆದು ಖಾಲಿ ಮಾಡಿದರು, ಕೂಗರ್ ತಲೆಗೆ ಇಷ್ಟು ಅಂತ ಸರ್ಕಾರವೇ ಬಹುಮಾನ ಕೊಟ್ಟಿತು. ಪೂರ್ವದ ಕೊನೆಯವುಗಳಲ್ಲಿ ಒಂದನ್ನು 1938ರಲ್ಲಿ ಮೇನ್ ರಾಜ್ಯದಲ್ಲಿ ಕೊಂದರು. ಪಶ್ಚಿಮದಲ್ಲಿ ಉಳಿದದ್ದು ಯಾರೋ ಪ್ರೀತಿಯಿಂದ ಉಳಿಸಿದ್ದಕ್ಕಲ್ಲ. ಬೆಟ್ಟಗಳು ಅಷ್ಟು ಕಡಿದಾಗಿದ್ದವು, ಬೇಟೆ ನಾಯಿ ಕಟ್ಟಿಕೊಂಡು ಎಲ್ಲ ಮೂಲೆಗೂ ಹೋಗುವುದು ಆಗಲಿಲ್ಲ, ಅಷ್ಟೇ.

ಉತ್ತರ ಅಮೆರಿಕದಲ್ಲಿ ಇವು ಅಳಿದದ್ದು ಅದೇ ಮೊದಲೂ ಅಲ್ಲ. ಈಗಿರುವ ಕೂಗರ್‌ಗಳ ಡಿಎನ್‌ಎ ನೋಡಿದವರು ಹೇಳುವ ಪ್ರಕಾರ, ಸುಮಾರು ಹತ್ತು ಸಾವಿರ ವರ್ಷಗಳ ಹಿಂದೆ ದೊಡ್ಡ ದೊಡ್ಡ ಪ್ರಾಣಿಗಳೆಲ್ಲ ಅಳಿದ ಕಾಲದಲ್ಲಿ ಉತ್ತರದ ಕೂಗರ್‌ಗಳೂ ಹೋದವು. ಆಮೇಲೆ ದಕ್ಷಿಣ ಅಮೆರಿಕದಿಂದ ಸ್ವಲ್ಪವೇ ಪ್ರಾಣಿಗಳು ಮತ್ತೆ ಮೇಲಕ್ಕೆ ಹರಡಿದವು. ಯೂಕಾನ್‌ವರೆಗೂ ತಲುಪಲು ಅವಕ್ಕೆ ಎಷ್ಟು ತಲೆಮಾರಿನ ಹೆಣ್ಣುಗಳು, ತಾಯಿಯ ಪಕ್ಕದಲ್ಲಿ ಮಗಳು, ಮಗಳ ಪಕ್ಕದಲ್ಲಿ ಮೊಮ್ಮಗಳು ಅಂತ ಸರಿಯುತ್ತಾ ಹೋಗಬೇಕಾಯಿತೋ ಯೋಚಿಸಿ.

ಇನ್ನು ಕೂಗರ್ ನೋಡಿದೆ ಅನ್ನುವವರ ವಿಷಯ. ಇದು ಮುಗಿಯದ ಕಥೆ. ಪೂರ್ವ ರಾಜ್ಯಗಳಲ್ಲಿ ಪ್ರತಿ ವರ್ಷ ದೂರುಗಳು ಬರುತ್ತಲೇ ಇರುತ್ತವೆ, ಪರಿಶೀಲಿಸಿದರೆ ಬಾಬ್‌ಕ್ಯಾಟ್ ಅನ್ನೋ ಚಿಕ್ಕ ಕಾಡುಬೆಕ್ಕು, ನಾಯಿ, ಕೆಲವು ಸಲ ಮನೆಯ ಬೆಕ್ಕು. ಕಪ್ಪು ಕೂಗರ್ ನೋಡಿದೆ ಅನ್ನುವವರಂತೂ ಬೇಕಾದಷ್ಟು. ಕಪ್ಪು ಚಿರತೆ ಇದೆ, ಕಪ್ಪು ಜಾಗ್ವಾರ್ ಇದೆ. ಕಪ್ಪು ಕೂಗರ್ ಇದುವರೆಗೆ ಒಂದೂ ಖಚಿತವಾಗಿಲ್ಲ. ಹೆಜ್ಜೆ ಗುರುತು ಸಿಕ್ಕರೆ ನೋಡಬೇಕಾದದ್ದು ಉಗುರು. ನಾಯಿಯ ಹೆಜ್ಜೆಯಲ್ಲಿ ಬೆರಳ ತುದಿಗೆ ಉಗುರಿನ ಚುಕ್ಕಿ ಮೂಡಿರುತ್ತದೆ, ಕೂಗರ್ ಉಗುರು ಒಳಗೆಳೆದುಕೊಂಡು ನಡೆಯುವುದರಿಂದ ಸಾಮಾನ್ಯವಾಗಿ ಮೂಡುವುದಿಲ್ಲ. ಅಂಗಾಲಿನ ಹಿಂಬದಿ ಅಂಚಿನಲ್ಲಿ ಮೂರು ಉಬ್ಬು ಸ್ಪಷ್ಟವಾಗಿ ಕಾಣುತ್ತದೆ. ಇಷ್ಟು ಗೊತ್ತಿದ್ದರೆ ಅರ್ಧಕ್ಕರ್ಧ ಗಲಾಟೆ ಅಲ್ಲೇ ಮುಗಿಯುತ್ತದೆ.

ಮಿಸಿಸಿಪಿ ನದಿಯ ಪೂರ್ವಕ್ಕೆ ನಿಜವಾಗಿ ಉಳಿದುಕೊಂಡದ್ದು ಫ್ಲೋರಿಡಾದ ಆ ಚುಕ್ಕೆ ಮಾತ್ರ. ಬಿಗ್ ಸೈಪ್ರೆಸ್, ಎವರ್‌ಗ್ಲೇಡ್ಸ್ ಸುತ್ತಲಿನ ಜೌಗು ನೆಲ. 1990ರ ದಶಕದ ಆರಂಭಕ್ಕೆ ಅಲ್ಲಿ ಉಳಿದದ್ದು ಇಪ್ಪತ್ತು ಮೂವತ್ತು ಪ್ರಾಣಿಗಳು. ಸಂಬಂಧದೊಳಗೇ ಕೂಡಿ ಕೂಡಿ ಬಾಲದ ತುದಿ ಸೊಟ್ಟ, ಬೆನ್ನ ಮೇಲೆ ಕೂದಲ ಸುಳಿ, ಹೃದಯದಲ್ಲಿ ರಂಧ್ರ, ಗಂಡುಗಳಲ್ಲಿ ವೃಷಣ ಕೆಳಗಿಳಿಯದಿರುವುದು, ಹೀಗೆ ಒಂದೊಂದೇ ತೊಂದರೆ ಶುರುವಾಗಿತ್ತು. 1995ರಲ್ಲಿ ಟೆಕ್ಸಾಸ್‌ನಿಂದ ಎಂಟು ಕೂಗರ್ ತಂದು ಬಿಟ್ಟರು. ಎಂಟೂ ಹೆಣ್ಣೇ. ಅವುಗಳಲ್ಲಿ ಐದು ಮರಿ ಹಾಕಿದವು. ಅಷ್ಟರಿಂದಲೇ ಆ ಕುಲ ಚೇತರಿಸಿಕೊಂಡಿತು. ಈಗ ದೊಡ್ಡ ಪ್ರಾಣಿಗಳೇ 120ರಿಂದ 230 ಇವೆ ಅಂತ ಅಂದಾಜು. ಕೆಲಸ ಮುಗಿದ ಮೇಲೆ ಉಳಿದಿದ್ದ ಟೆಕ್ಸಾಸ್ ಹೆಣ್ಣುಗಳನ್ನು ಕಾಡಿನಿಂದ ವಾಪಸ್ ಹಿಡಿದರು.

ಸಂಖ್ಯೆ ಹೆಚ್ಚಾದ ಮೇಲೆ ಜಾಗವೂ ಹೆಚ್ಚಾಗಬೇಕಲ್ಲ? ಅಲ್ಲಿ ಅಡ್ಡ ಬಂದದ್ದು ಕಲೂಸಾಹ್ಯಾಚಿ ಅನ್ನೋ ನದಿ. ಕಾಲುವೆಯ ಹಾಗೆ ಅಗೆದು ಆಳ ಮಾಡಿದ ನದಿ ಅದು. ಗಂಡುಗಳು ಈಜಿಕೊಂಡು ಉತ್ತರಕ್ಕೆ ಹೋಗುತ್ತಿದ್ದವು, ಒಂದು ಜಾರ್ಜಿಯಾವರೆಗೂ ಹೋಗಿ ಗುಂಡಿಗೆ ಬಲಿಯಾಯಿತು. ಹೆಣ್ಣುಗಳು ಮಾತ್ರ ದಾಟಲಿಲ್ಲ. 1973ರ ನಂತರ ನದಿಯ ಉತ್ತರಕ್ಕೆ ಒಂದು ಹೆಣ್ಣೂ ದಾಖಲಾಗಿರಲಿಲ್ಲ. 2016ರಲ್ಲಿ ಕೊನೆಗೂ ಒಂದು ಹೆಣ್ಣು ಕ್ಯಾಮೆರಾಗೆ ಬಿತ್ತು, 2017ರಲ್ಲಿ ಮರಿಗಳೂ ಸಿಕ್ಕವು. ಅಷ್ಟು ವರ್ಷ ನದಿಯ ಉತ್ತರಕ್ಕೆ ಗಂಡುಗಳು ಓಡಾಡುತ್ತಿದ್ದರೂ ಆ ಜಾಗ ಲೆಕ್ಕಕ್ಕೆ ಸೇರಿದ್ದು ಆಗಲೇ. ಇವುಗಳಿಗೆ ಈಗಲೂ ದೊಡ್ಡ ಶತ್ರು ರಸ್ತೆ. ಅಲಿಗೇಟರ್ ಆ್ಯಲಿ ಅನ್ನೋ ಹೆದ್ದಾರಿಯ ಉದ್ದಕ್ಕೂ ಬೇಲಿ ಹಾಕಿ, ಕೆಳಗೆ ಅಂಡರ್‌ಪಾಸ್ ಮಾಡಿದ್ದಾರೆ, ಅಲ್ಲಿ ಸಾವು ಕಡಿಮೆಯಾಗಿದೆ. ಉಳಿದ ರಸ್ತೆಗಳಲ್ಲಿ ಪ್ರತಿ ವರ್ಷ ಸಾಯುತ್ತಲೇ ಇವೆ.

ರಸ್ತೆ ಅಂದಕೂಡಲೇ ಪಿ-22 ಅನ್ನೋ ಕೂಗರ್ ನೆನಪಾಗುತ್ತದೆ. ಲಾಸ್ ಏಂಜಲಿಸ್‌ನ ಪಶ್ಚಿಮಕ್ಕಿರುವ ಸಾಂತಾ ಮೋನಿಕಾ ಬೆಟ್ಟಗಳಲ್ಲಿ ಹುಟ್ಟಿದ ಗಂಡು. ಹರೆಯದಲ್ಲಿ 405 ಮತ್ತು 101 ನಂಬರಿನ ಎರಡು ಭಾರಿ ಫ್ರೀವೇಗಳನ್ನು ಹೇಗೋ ದಾಟಿ, ಹಾಲಿವುಡ್ ಅಂತ ಬರೆದಿರುವ ಗುಡ್ಡದ ಗ್ರಿಫಿತ್ ಪಾರ್ಕ್ ಸೇರಿಕೊಂಡಿತು. 2012ರಲ್ಲಿ ಕ್ಯಾಮೆರಾಗೆ ಸಿಕ್ಕಿತು. ಆ ಕಡೆಯ ಗಂಡಿಗೆ ಸಾಮಾನ್ಯವಾಗಿ 300 ಚದರ ಕಿಲೋಮೀಟರ್‌ಗೂ ಹೆಚ್ಚು ಜಾಗ ಬೇಕು, ಇದು ಇಪ್ಪತ್ತು ಚದರ ಕಿಲೋಮೀಟರ್ ಆಸುಪಾಸಿನಲ್ಲಿ ಹತ್ತು ವರ್ಷ ಬದುಕಿತು. ಜಿಂಕೆ ಇತ್ತು, ಪೊದೆ ಇತ್ತು, ಇನ್ನೊಂದು ಗಂಡಿನ ಕಾಟ ಇರಲಿಲ್ಲ. ಹೆಣ್ಣೂ ಇರಲಿಲ್ಲ. ಊರಿಗೆ ಊರೇ ಅದನ್ನು ಹೀರೋ ಮಾಡಿತು. 2022ರ ಡಿಸೆಂಬರ್‌ನಲ್ಲಿ, ವಾಹನ ಬಡಿದ ಗಾಯ ಮತ್ತು ಕಾಯಿಲೆಗಳ ಕಾರಣಕ್ಕೆ ದಯಾಮರಣ ಕೊಡುವಾಗ ಅದಕ್ಕೆ ಸುಮಾರು 12 ವರ್ಷ. ಕೂಗರ್ ಮಟ್ಟಿಗೆ ದೀರ್ಘ ಆಯಸ್ಸು. ಗ್ರಿಫಿತ್ ಪಾರ್ಕನ್ನು ಕೂಗರ್ ನೆಲೆ ಅನ್ನಬಹುದಾ? ನನ್ನ ಪ್ರಕಾರ ಇಲ್ಲ, ಅದು ಒಂದು ಕೂಗರ್ ಸಿಕ್ಕಿಹಾಕಿಕೊಂಡ ಜಾಗ. ಈಗ ಅಗೋರಾ ಹಿಲ್ಸ್ ಹತ್ತಿರ 101 ಫ್ರೀವೇಯ ಮೇಲೆ ಮಣ್ಣು ಹಾಕಿ ಗಿಡ ನೆಟ್ಟು ಪ್ರಾಣಿಗಳಿಗಾಗಿಯೇ ಒಂದು ಸೇತುವೆ ಕಟ್ಟುವ ಕೆಲಸ 2022ರ ಏಪ್ರಿಲ್‌ನಲ್ಲಿ ಶುರುವಾಗಿದೆ. ಅದು ಪಿ-22ಗಾಗಿ ಅಲ್ಲ, ಆ ಬೆಟ್ಟಗಳಲ್ಲಿ ಉಳಿದು ತಮ್ಮತಮ್ಮಲ್ಲೇ ಕೂಡುತ್ತಿರುವ ಪ್ರಾಣಿಗಳಿಗೆ ಹೊರಗಿನ ರಕ್ತ ಬರಲಿ ಅಂತ. ಫ್ಲೋರಿಡಾದಲ್ಲಿ ಕಂಡ ಸೊಟ್ಟ ಬಾಲ ಅಲ್ಲೂ ಕಾಣಿಸಿಕೊಂಡಾಗಿದೆ.

ನಗರದ ಪಕ್ಕದಲ್ಲೇ ಇರಬಲ್ಲವು ಅಂದಮಾತ್ರಕ್ಕೆ ಮನುಷ್ಯರ ಭಯ ಹೋಗಿದೆ ಅಂದುಕೊಳ್ಳಬೇಡಿ. ಕ್ಯಾಲಿಫೋರ್ನಿಯಾದ ಸಾಂತಾ ಕ್ರೂಸ್ ಬೆಟ್ಟಗಳಲ್ಲಿ ಸಂಶೋಧಕರು ಕೂಗರ್‌ಗಳು ಮುಚ್ಚಿಟ್ಟ ಬೇಟೆಯ ಪಕ್ಕ ಕ್ಯಾಮೆರಾ ಮತ್ತು ಸ್ಪೀಕರ್ ಇಟ್ಟರು. ಊಟಕ್ಕೆ ಬಂದ ಕೂಡಲೇ ಒಂದೋ ಕಪ್ಪೆಯ ವಟಗುಟ್ಟುವಿಕೆ, ಇಲ್ಲವೇ ಜನ ಮಾತಾಡುವ ದನಿ. ಕಪ್ಪೆಗೆ ಕ್ಯಾರೇ ಅನ್ನಲಿಲ್ಲ. ಮನುಷ್ಯರ ದನಿ ಕೇಳಿದಾಗ ಹತ್ತರಲ್ಲಿ ಎಂಟಕ್ಕೂ ಹೆಚ್ಚು ಸಲ ಎದ್ದು ಓಡಿದವು. ಎಷ್ಟೋ ಸಲ ಊಟಕ್ಕೆ ವಾಪಸ್ ಬರುವುದೇ ತಡ, ತಿನ್ನುವ ಹೊತ್ತೂ ಅರ್ಧಕ್ಕೆ ಇಳಿಯಿತು. ಸುಮ್ನೆ ಮಾತು ಅಷ್ಟೇ, ಬಂದೂಕಿನ ಸದ್ದೂ ಅಲ್ಲ.

ಅದೇ ಬೆಟ್ಟಗಳಲ್ಲಿ ನಡೆದ ಇನ್ನೊಂದು ಅಧ್ಯಯನ ನನ್ನ ಪಾಲಿಗೆ ಇನ್ನೂ ಮುಖ್ಯ. ರೇಡಿಯೋ ಕಾಲರ್ ಹಾಕಿದ ಪ್ರಾಣಿಗಳು ಮನೆಗಳಿಂದ ಎಷ್ಟು ದೂರ ಇರುತ್ತವೆ ಅಂತ ಲೆಕ್ಕ ಹಾಕಿದರು. ಓಡಾಟಕ್ಕೆ, ಬೇಟೆಗೆ ಮನೆಗಳ ಸಾಕಷ್ಟು ಹತ್ತಿರ ಬರುತ್ತವೆ. ಆದರೆ ಮರಿ ಹಾಕುವ ಗೂಡಿಗೆ, ಗಂಡು ಹೆಣ್ಣು ಗುರುತು ಬಿಟ್ಟು ಸಂಪರ್ಕ ಮಾಡುವ ಜಾಗಕ್ಕೆ ಕಡಿಮೆ ಅಂದರೂ ನಾಲ್ಕು ಪಟ್ಟು ದೂರ ಬೇಕು. ಅಂದರೆ ಹಿತ್ತಲಿನ ಕ್ಯಾಮೆರಾದಲ್ಲಿ ಕೂಗರ್ ಬಿದ್ದಿತು ಅನ್ನೋದು ಆ ಬಡಾವಣೆ ಅದರ ನೆಲೆ ಅನ್ನೋದಕ್ಕೆ ಸಾಕ್ಷಿಯಲ್ಲ. ಹಾದುಹೋಗಲು ಒಂದು ಜಾಗ ಸಾಕು, ಸಂಸಾರ ಮಾಡಲು ಬೇರೆಯೇ ಜಾಗ ಬೇಕು. ಅಂದಹಾಗೆ ಭಯ ಪಡಬೇಕಾದವರು ಯಾರು ಅಂತ ನೋಡಿದರೆ, ಉತ್ತರ ಅಮೆರಿಕದಲ್ಲಿ ಕಳೆದ ನೂರು ವರ್ಷಗಳಲ್ಲಿ ಕೂಗರ್‌ನಿಂದ ಸತ್ತವರು ಮೂವತ್ತು ಜನರ ಒಳಗೆ.

ದಕ್ಷಿಣದಲ್ಲಿ ಕಥೆ ಸ್ವಲ್ಪ ಖುಷಿ ಕೊಡುತ್ತದೆ. ಅರ್ಜೆಂಟೀನಾದ ಪ್ಯಾಟಗೋನಿಯಾ ಕರಾವಳಿಯಲ್ಲಿ ಕುರಿ ಸಾಕಣೆಯವರು ಕೂಗರ್‌ಗಳನ್ನು ಪೂರ್ತಿ ಓಡಿಸಿದ್ದರು. ನೆಲದ ಬೇಟೆಗಾರ ಇಲ್ಲದ ಆ ಕಡಲತೀರದಲ್ಲಿ ಮೆಗೆಲನ್ ಪೆಂಗ್ವಿನ್‌ಗಳು ದೊಡ್ಡ ವಸಾಹತು ಮಾಡಿಕೊಂಡವು. ಆಮೇಲೆ ಕುರಿ ಫಾರ್ಮುಗಳು ಮುಚ್ಚಿದವು, 2004ರಲ್ಲಿ ಮೊಂತೆ ಲಿಯೋನ್ ರಾಷ್ಟ್ರೀಯ ಉದ್ಯಾನ ಆಯಿತು, ಕೂಗರ್ ವಾಪಸ್ ಬಂತು. ಬಂದು ನೋಡಿದರೆ ದಡದ ತುಂಬ ಓಡಲು ಬಾರದ ಹಕ್ಕಿಗಳು! ವಿಕುನ್ಯಾದ ಸಂಬಂಧಿಯಾದ ಗ್ವಾನಾಕೊ ಹಿಂದೆ ತೆವಳಿಕೊಂಡು ಹೋಗುವ ಕಷ್ಟವೇ ಇಲ್ಲ. ಪೆಂಗ್ವಿನ್ ಇರುವ ತಿಂಗಳುಗಳಲ್ಲಿ ಅಲ್ಲಿನ ಕೂಗರ್‌ಗಳು ಚಿಕ್ಕ ಜಾಗದಲ್ಲೇ ಒತ್ತೊತ್ತಾಗಿ ಇರುತ್ತವೆ, ಬೇರೆ ಕಡೆ ಸಹಿಸದಷ್ಟು ಒಂದರ ಹತ್ತಿರ ಒಂದು. ಹೊಟ್ಟೆ ತುಂಬಿದ್ದರೆ ಜಗಳ ಕಡಿಮೆ ಅನ್ನೋದು ಒಂಟಿ ಪ್ರಾಣಿಗೂ ಹೊಂದುತ್ತದೆ ನೋಡಿ. ಚಿಲಿಯ ಟೊರೆಸ್ ದೆಲ್ ಪೈನೆ ರಾಷ್ಟ್ರೀಯ ಉದ್ಯಾನದಲ್ಲೂ ಈಗ ಕೂಗರ್ ನೋಡಲೆಂದೇ ಜನ ಬರುತ್ತಾರೆ. ಹಿಂದೆ ಕುರಿ ಕಾಯಲು ಕೂಗರ್ ಹೊಡೆಯುತ್ತಿದ್ದ ಜಮೀನುಗಳಲ್ಲಿ ಕೆಲವರು ಈಗ ಅದನ್ನು ತೋರಿಸಿ ದುಡಿಯುತ್ತಿದ್ದಾರೆ.

ಬೇಟೆಯ ಕಾನೂನು ಅಮೆರಿಕದಲ್ಲಿ ರಾಜ್ಯಕ್ಕೊಂದು ಥರ. ಕ್ಯಾಲಿಫೋರ್ನಿಯಾದಲ್ಲಿ 1990ರಲ್ಲಿ ಜನರೇ ವೋಟು ಹಾಕಿ ಮೋಜಿನ ಬೇಟೆ ನಿಲ್ಲಿಸಿದರು. ಪಶ್ಚಿಮದ ಬಹುತೇಕ ರಾಜ್ಯಗಳಲ್ಲಿ ಲೈಸೆನ್ಸ್ ಪಡೆದು ಹೊಡೆಯಬಹುದು. ದಕ್ಷಿಣ ಡಕೋಟಾದ ಬ್ಲ್ಯಾಕ್ ಹಿಲ್ಸ್‌ನಲ್ಲಿ ಒಂದು ಸೀಸನ್‌ಗೆ 60 ಕೂಗರ್ ಅಥವಾ 40 ಹೆಣ್ಣು, ಯಾವುದು ಮೊದಲು ಆಗುತ್ತದೋ ಆಗ ಬೇಟೆ ಬಂದ್ ಅನ್ನೋ ಲೆಕ್ಕ ಇಟ್ಟಿದ್ದಾರೆ. ಈ ಎರಡನೇ ಅಂಕಿ ನನಗೆ ಮುಖ್ಯ. ನಲವತ್ತು ಅನ್ನೋದು ಜಾಸ್ತಿಯೇ ಅಂತ ನನಗನ್ನಿಸುತ್ತದೆ, ಆದರೂ ಹೆಣ್ಣಿನ ಲೆಕ್ಕ ಬೇರೆ ಇಡಬೇಕು ಅಂತ ಒಪ್ಪಿಕೊಂಡರಲ್ಲ. ಯಾಕೆಂದರೆ ಪೂರ್ವಕ್ಕೆ ಹೊರಡುವ ಕೂಗರ್‌ಗಳ ಬಾಗಿಲು ಅದೇ ಬ್ಲ್ಯಾಕ್ ಹಿಲ್ಸ್. ಅಲ್ಲಿಂದ ದಾಟಿಹೋಗುವ ಹೆಣ್ಣುಗಳು ಮೊದಲೇ ಕೆಲವೇ ಕೆಲವು.

ಆ ಕೆಲವೇ ಹೆಣ್ಣುಗಳು ಮಾಡಿದ ಕೆಲಸ ನೆಬ್ರಾಸ್ಕಾದಲ್ಲಿ ಕಾಣುತ್ತದೆ. ಅಲ್ಲಿ ನೂರು ವರ್ಷ ಕೂಗರ್ ಇರಲೇ ಇಲ್ಲ. ಈಗ ಪೈನ್ ರಿಡ್ಜ್, ನಯೋಬ್ರಾರಾ ನದಿ ಕಣಿವೆ, ವೈಲ್ಡ್‌ಕ್ಯಾಟ್ ಹಿಲ್ಸ್, ಹೀಗೆ ಮೂರು ಕಡೆ ಮರಿ ಹಾಕುತ್ತಿವೆ. ಮೂರೂ ಕಡೆ ಪೈನ್ ಮರ, ಕೊರಕಲು, ಜಿಂಕೆ. ನಡುವಿನ ಹುಲ್ಲುಗಾವಲು, ಹೊಲಗಳನ್ನು ನದಿ ದಂಡೆಯ ಮರಗಳ ಮರೆಯಲ್ಲಿ ದಾಟಿ ಬಂದಿವೆ.

ಮಿಷಿಗನ್ ರಾಜ್ಯದ ಅಪ್ಪರ್ ಪೆನಿನ್ಸುಲಾದಲ್ಲಿ 2008ರಿಂದ ನೂರಕ್ಕೂ ಹೆಚ್ಚು ಸಲ ದೊಡ್ಡ ಕೂಗರ್ ಖಚಿತವಾಗಿ ದಾಖಲಾಗಿತ್ತು. ಆದರೂ ಅಲ್ಲಿನ ಅಧಿಕಾರಿಗಳು ಇಲ್ಲಿ ಕೂಗರ್ ನೆಲೆ ಇದೆ ಅಂತ ಹೇಳಲು ತಯಾರಿರಲಿಲ್ಲ, ಮರಿ ಹಾಕಿದ ಸುಳಿವೇ ಇರಲಿಲ್ಲವಲ್ಲ. 2025ರ ಮಾರ್ಚ್‌ನಲ್ಲಿ ಪಶ್ಚಿಮ ಭಾಗದ ಒಂಟನಾಗನ್ ಕೌಂಟಿಯಲ್ಲಿ ಯಾರೋ ಎರಡು ಮರಿಗಳ ಫೋಟೊ ತೆಗೆದರು, ಇನ್ನೂ ಎರಡು ತಿಂಗಳ ಆಸುಪಾಸಿನವು, ಮೈತುಂಬ ಚುಕ್ಕೆ. ಅಧಿಕಾರಿಗಳು ಪರಿಶೀಲಿಸಿ ಹೌದು ಅಂದರು. ನೂರು ವರ್ಷಕ್ಕೂ ಹೆಚ್ಚು ಕಾಲದ ಮೇಲೆ ಆ ರಾಜ್ಯದಲ್ಲಿ ಖಚಿತವಾದ ಮೊದಲ ಕೂಗರ್ ಮರಿಗಳು ಅವು. ಎರಡು ಮರಿ ಅಂದರೆ ಒಂದು ಸಂಸಾರ ಮಾತ್ರ. ಅವುಗಳಲ್ಲಿ ಒಂದಾದರೂ ಹೆಣ್ಣಾಗಿದ್ದು, ಅದು ತಾಯಿಯ ಪಕ್ಕದಲ್ಲೇ ಉಳಿದುಕೊಂಡರೆ, ಅಲ್ಲಿಗೂ ಬಣ್ಣ ಹಚ್ಚಬಹುದು.